ತುದಿಮೊಗ್ಗು

ಇವತ್ತು ಹೇಳಿಬಿಡಬೇಕು, ತಿಂಡಿಗೆ ಮೊದಲೇ ಹೇಳಿಬಿಟ್ಟರೆ ಇಡೀ ದಿನ ಹಗುರಾಗುತ್ತದೆ ಎಂದುಕೊಳ್ಳುತ್ತಲೇ ಅವನು ಇನ್ನೊಂದು ಗಿಡದ ಮುಂದೆ ಕುಕ್ಕರಗಾಲಿನಲ್ಲಿ ಕೂತ. ಹೇಳಬೇಕಾದ ವಾಕ್ಯ ಸಿದ್ಧವಾಗಿತ್ತು. 'ಅಕ್ಕಾ, ನಿನಗೂ ಒಂದಿಷ್ಟು ನೆಮ್ಮದಿ ಬೇಕಲ್ಲ' ಎಂದು ಶುರುಮಾಡುವುದು. ಅದರಲ್ಲಿ ಸುಳ್ಳು ಎಲ್ಲಿದೆಯೆಂದು ಯಾರೂ ಬೊಟ್ಟು ಮಾಡಿ ತೋರಿಸಲಾರರು. ವಾರದಿಂದ ತಿದ್ದಿ ತೀಡಿ ಅದನ್ನು ಅಷ್ಟು ನುಣುಪಾಗಿಸಿದ್ದ.

ಕೈ ಮಾತ್ರ ತನ್ನ ಪಾಡಿಗೆ ಕೆಲಸ ಮಾಡುತ್ತಿತ್ತು. ಎಡಗೈಯಲ್ಲಿ ಕಾರ್ನೇಷನ್ನಿನ ಕಡ್ಡಿಯನ್ನು ಗಿಣ್ಣಿನ ಹತ್ತಿರ ಹಿಡಿದು, ಬಲಗೈಯ ಎರಡು ಬೆರಳಲ್ಲಿ ಎಲೆಯ ಸಂದಿನ ಮೊಗ್ಗನ್ನು ಪಕ್ಕಕ್ಕೆ ಬಾಗಿಸಿದರೆ ಸಾಕು, ಚಟ್ ಎಂದು ಬಂದುಬಿಡುತ್ತದೆ. ಬಟಾಣಿ ಕಾಳಿನಷ್ಟಾಗುವ ಹೊತ್ತಿಗೆ ಕಿತ್ತುಬಿಡಬೇಕು. ತಡಮಾಡಿದರೆ ಗಿಡ ತನ್ನ ಸಾರವನ್ನೆಲ್ಲ ಹತ್ತು ಕಡೆ ಹಂಚಿಬಿಡುತ್ತದೆ. ಕಡ್ಡಿಗೆ ಒಂದೇ ಹೂ, ಅದೂ ತುದಿಯದು. ಕೆಳಗಿನವೆಲ್ಲ ಹೋದರೆ ಆ ಒಂದು ಅಂಗೈ ತುಂಬುವಷ್ಟು ಅರಳುತ್ತದೆ. ಬರುವ ಭಾನುವಾರ ಪುಷ್ಪ ಪ್ರದರ್ಶನದ ಮೇಜಿನ ಮೇಲೆ ನಿಲ್ಲಬೇಕಾದದ್ದು ಅಂಥ ಹೂ.

ಅಡುಗೆಮನೆಯ ಬಾಗಿಲಿಂದ ಹಿತ್ತಿಲ ಗೋಡೆಯ ತನಕ ಜಲ್ಲಿ ಬೆರೆಸಿ ಎತ್ತರಿಸಿದ ಒಂದು ಪಾತಿ. ಅದರಲ್ಲಿ ಒಂದು ಸಾಲು ಗಿಡ. ಬೂದಿ ಬಳಿದಂಥ ಹಸಿರು ಎಲೆ. ಮುಟ್ಟಿದರೆ ಬೂದಿ ಬೆರಳಿಗೆ ಅಂಟಿ, ಅಷ್ಟು ಜಾಗದಲ್ಲಿ ಹಸಿರು ಕಪ್ಪಾಗುತ್ತದೆ. ಪ್ರತಿ ಕಡ್ಡಿಗೂ ಒಂದು ಬಿದಿರಿನ ಆಸರೆ, ಪ್ರತಿ ಆಸರೆಗೂ ಒಂದು ತಂತಿಯ ಬಳೆ. ನೀರು ಹೆಚ್ಚಾದರೆ ಬೇರು ಕೊಳೆಯುತ್ತದೆಂದು ಇದಕ್ಕೆ ನೀರು ಹಾಕುವುದು ಅವನೊಬ್ಬನೇ. ಮನೆಯಲ್ಲಿ ಬೇರೆ ಯಾವ ವಿಷಯದಲ್ಲೂ ಅವನ ಮಾತು ಇಷ್ಟು ಚೊಕ್ಕವಾಗಿ ನಡೆಯುತ್ತಿರಲಿಲ್ಲ.

ಕಾಲೇಜಿನಲ್ಲಿ ಅವನು ಸಂಖ್ಯಾಶಾಸ್ತ್ರ ಹೇಳಿಕೊಡುತ್ತಿದ್ದ. ಹುಡುಗರು ಬೆನ್ನ ಹಿಂದೆ 'ಸರಾಸರಿ' ಎಂದು ಕರೆಯುತ್ತಿದ್ದದ್ದು ಅವನ ಕಿವಿಗೂ ಬಿದ್ದಿತ್ತು. ಕೇಳಿಸದವನ ಹಾಗಿದ್ದ. ಹೆಸರಿಟ್ಟವನಿಗೆ ಒಳ್ಳೆಯ ಅಂಕ ಕೊಡಬೇಕೆಂದೂ ಒಂದೆರಡು ಸಲ ಅನ್ನಿಸಿತ್ತು.

"ಹೇಳಿದ್ರಾ?"

ಹೆಂಡತಿ ಅಡುಗೆಮನೆಯ ಬಾಗಿಲಲ್ಲಿ ನಿಂತಿದ್ದಳು. ಒದ್ದೆ ಕೈ, ಹೆಗಲ ಮೇಲೆ ಟವೆಲು.

"ಏನನ್ನ?"

"ಏನನ್ನ ಅಂತ ನನ್ನ ಬಾಯಿಂದಾನೇ ಹೊರಡಿಸ್ಬೇಕಾ?"

"ಹೇಳ್ತೀನಿ."

"ಸಾಯಂಕಾಲದೊಳಗೆ ಹೇಳಿ. ಇಲ್ಲಾಂದ್ರೆ ನಾನೇ ಹೇಳ್ಬೇಕಾಗುತ್ತೆ. ನಾನು ಹೇಳಿದ್ರೆ ಹೊರಗಿಂದ ಬಂದವಳು ಓಡಿಸಿದ್ಲು ಅಂತಾಗುತ್ತೆ. ಅದು ನನಗೆ ಬೇಡ." ಟವೆಲಿಗೆ ಕೈ ಒರೆಸಿಕೊಂಡು, "ಅವರಿಗೂ ಬೇಡ," ಎಂದು ಸೇರಿಸಿ ಒಳಗೆ ಹೋದಳು.

ಅವಳ ಮೇಲೆ ಸಿಟ್ಟುಮಾಡಿಕೊಳ್ಳಲು ನೋಡಿದ, ಆಗಲಿಲ್ಲ. ಹೋದ ವರ್ಷ ಅಕ್ಕನಿಗೆ ನ್ಯುಮೋನಿಯಾ ಆದಾಗ ಆಸ್ಪತ್ರೆಯಲ್ಲಿ ಪಕ್ಕದಲ್ಲಿ ಕೂತವಳು, ಮೈ ಒರೆಸಿದವಳು, ಉಗುರು ಕತ್ತರಿಸಿದವಳು ಅವಳೇ. ಅವನು ಬಾಗಿಲ ಹತ್ತಿರ ನಿಂತು ಡಾಕ್ಟರನ್ನು ಕೇಳಬೇಕಾದ ಪ್ರಶ್ನೆ ಕೇಳಿ ಕಾಲೇಜಿಗೆ ಹೋಗುತ್ತಿದ್ದ. ಹೆಂಡತಿಗೆ ಬೇಕಾಗಿದ್ದದ್ದು ಸರಳವಾದ ವಿಷಯ. ಮಗಳಿಗೆ ಈ ವರ್ಷ ದೊಡ್ಡ ಪರೀಕ್ಷೆ. ಇರುವ ಎರಡು ಮಲಗುವ ಕೋಣೆಯಲ್ಲಿ ಒಂದು ಮಗಳದ್ದೂ ಅಕ್ಕನದ್ದೂ. ಅಕ್ಕನಿಗೆ ಕೆಮ್ಮು, ದೀಪ ಉರಿದರೆ ನಿದ್ದೆ ಬಾರದು, ದೀಪ ಆರಿದರೆ ತನ್ನಷ್ಟಕ್ಕೆ ತಾನು ಮಾತು. ಊರಿನ ಇನ್ನೊಂದು ತುದಿಯಲ್ಲಿ ಒಂಟಿ ಹೆಂಗಸರಿಗಾಗಿ ಒಂದು ವಸತಿಗೃಹವಿತ್ತು. ಒಂದನೇ ತಾರೀಖಿನಿಂದ ಅಲ್ಲೊಂದು ಹಾಸಿಗೆ ಕೊಡುತ್ತೇವೆಂದಿದ್ದರು.

ಈ ಕುಟುಂಬದಲ್ಲಿ ಯಾರಾದರೂ ಓದಬೇಕಾದಾಗ ಅಕ್ಕ ಜಾಗ ಬಿಡುವುದು ಹೊಸದೇನಲ್ಲ. ಅವಳು ಎಂಟನೇ ಕ್ಲಾಸಿನಲ್ಲಿದ್ದಾಗ, ಇಬ್ಬರನ್ನೂ ಓದಿಸುವುದು ಕಷ್ಟ ಎಂದು ಅಪ್ಪ ಊಟದ ನಡುವೆ ಗೋಡೆಗೆ ಹೇಳುವವನ ಹಾಗೆ ಹೇಳಿದ್ದ. ಮಾರನೆಯ ದಿನ ಅಕ್ಕ ಸ್ಕೂಲಿನ ಚೀಲದಿಂದ ತನ್ನ ಪುಸ್ತಕ ತೆಗೆದು ತಮ್ಮನದನ್ನು ತುಂಬಿಟ್ಟಳು. ಆಮೇಲೆ ಕೋಟು ಹೊಲಿಯುವವನ ಅಂಗಡಿಯಲ್ಲಿ ಕಾಜಾ ಹಾಕಲು ಕೂತಳು. ಗುಂಡಿ ತೂರುವ ಆ ಸಣ್ಣ ಸೀಳಿನ ಸುತ್ತ ದಾರ ಸುತ್ತುತ್ತ ಅವಳ ಪ್ರಾಯ ಮುಗಿಯಿತು. ಎರಡು ಸಲ ಮದುವೆಯ ಮಾತು ಬಂದಿತ್ತು. ಒಂದು ಸಲ ತಮ್ಮನ ಎಂ.ಎಸ್ಸಿ., ಇನ್ನೊಂದು ಸಲ ತಮ್ಮನ ಪಿಎಚ್.ಡಿ. ಮುಂದೆ ನೋಡೋಣ ಎಂದರು. ಮುಂದೆ ಯಾರೂ ನೋಡಲಿಲ್ಲ.

"ಮರೀ, ಇಲ್ಲಿದ್ದೀಯಾ?"

ಅಕ್ಕ ಮೆಟ್ಟಿಲನ್ನು ಪಾದದಿಂದ ತಡವಿ ಇಳಿದು ಬಂದಳು. ಕಪ್ಪು ಬಟ್ಟೆಯ ಮೇಲೆ ಕಪ್ಪು ದಾರ ಹುಡುಕಿ ಹುಡುಕಿ ಅವಳ ಕಣ್ಣು ಸೋತಿತ್ತು. ಒಂದಕ್ಕೆ ಆಪರೇಷನ್ ಆಗಿಯೂ ಎಲ್ಲ ಮಂಜು ಮಂಜು, ಇನ್ನೊಂದರಲ್ಲಿ ಬೆಳಕು ಕತ್ತಲೆಯ ವ್ಯತ್ಯಾಸಕ್ಕಿಂತ ಹೆಚ್ಚೇನೂ ತಿಳಿಯುತ್ತಿರಲಿಲ್ಲ. ಐವತ್ತು ದಾಟಿದ, ಕೂದಲು ಉದುರಿದ, ಡಾಕ್ಟರೇಟ್ ಪಡೆದ ಗಂಡಸನ್ನು ಜಗತ್ತಿನಲ್ಲಿ 'ಮರಿ' ಎಂದು ಕರೆಯುವ ಜೀವ ಅದೊಂದೇ. ಕರೆದಾಗಲೆಲ್ಲ ಅವನಿಗೆ ಯಾರಾದರೂ ಕೇಳಿಸಿಕೊಂಡರೇನೋ ಎಂದು ಆಚೀಚೆ ನೋಡುವಂತಾಗುತ್ತಿತ್ತು.

ಇದೇ ಸರಿಯಾದ ಗಳಿಗೆ ಎನ್ನಿಸಿತು. ಎದ್ದುನಿಂತ. ಗಂಟಲು ಸರಿಮಾಡಿಕೊಂಡ.

"ಅಕ್ಕಾ, ನಿನಗೂ ಒಂದಿಷ್ಟು..."

"ಏನೋ?"

"ಒಂದಿಷ್ಟು ಬಿಸಿಲು ಒಳ್ಳೇದು. ಕೂತ್ಕೋ."

ಮಣೆ ಎಳೆದು ಹಾಕಿದ. ಅವಳು ಕೂತಳು. ಅಡುಗೆಮನೆಯಲ್ಲಿ ನಲ್ಲಿಯ ಸದ್ದು ನಿಂತಿತು. ಹೆಂಡತಿ ಕಿವಿಗೊಟ್ಟಿದ್ದಾಳೆ ಎಂದು ಅವನಿಗೆ ಗೊತ್ತಾಯಿತು.

"ಅದೇನೋ ದಿನಾ ಕೀಳ್ತಿರ್ತೀಯಲ್ಲ, ಹುಳಾನಾ?"

"ಮೊಗ್ಗು."

"ಅಯ್ಯೋ, ಮೊಗ್ಗನ್ನ ಯಾಕೋ ಕೀಳ್ತೀಯ? ಹೂ ಬಿಡ್ಲಿ ಅಂತ ತಾನೇ ಗಿಡ ಇಟ್ಟಿರೋದು?"

"ಎಲ್ಲಾನೂ ಬಿಟ್ರೆ ಯಾವುದೂ ಸರಿಯಾಗಿ ಬರಲ್ಲಕ್ಕಾ. ಕಿತ್ರೇ ಒಳ್ಳೇದು. ಗಿಡಕ್ಕೂ ಭಾರ ಕಮ್ಮಿ."

"ಓಹೋ." ಅವಳು ಗಿಡದ ಕಡೆ ಕೈ ಚಾಚಿದಳು. "ನಂಗೂ ತೋರಿಸು. ಸುಮ್ನೆ ಕೂತು ಕೂತು ಕೈ ಜೋಮು ಹಿಡಿದುಹೋಗಿದೆ. ಕಣ್ಣು ಹೋದ್ರೂ ಬೆರಳಿಗೆ ಏನೂ ಆಗಿಲ್ಲ ನೋಡು ನಂಗೆ."

ಹೇಳಬೇಕಾದ ಮಾತಿನ ಬದಲು ಬೇರೆ ಯಾವುದನ್ನು ಕೇಳಿದ್ದರೂ ಅವನು ಆಗ ಕೊಡುತ್ತಿದ್ದ. ಅವಳ ಬೆರಳು ಹಿಡಿದು ಒಂದು ಮೊಗ್ಗಿನ ಮೇಲಿಟ್ಟ. ಬೆರಳ ತುದಿ ಸೂಜಿ ಚುಚ್ಚಿ ಚುಚ್ಚಿ ಒರಟಾಗಿ, ಚರ್ಮದ ಚೂರಿನ ಹಾಗಿತ್ತು.

"ಇದು. ಹಿಂಗೆ ಪಕ್ಕಕ್ಕೆ ಬಾಗಿಸು."

ಚಟ್.

"ಅಷ್ಟೇನಾ?" ಅಕ್ಕ ಮಗುವಿನ ಹಾಗೆ ನಕ್ಕಳು. "ಇದು ಕಾಜಾಕ್ಕಿಂತ ಸುಲಭ ಕಣೋ."

ಯಾವುದನ್ನು ಕೀಳಬೇಕು, ಯಾವುದನ್ನು ಬಿಡಬೇಕು ಎಂದು ಹೇಳಲು ಇನ್ನೊಂದೇ ವಾಕ್ಯ ಬೇಕಿತ್ತು. ಅಷ್ಟರಲ್ಲಿ ಹೆಂಡತಿ ಬಾಗಿಲಿಗೆ ಬಂದಳು. ಇಬ್ಬರೂ ತಲೆ ಬಗ್ಗಿಸಿ ಮೊಗ್ಗು ಕೀಳುತ್ತಿರುವುದನ್ನು ನೋಡಿ, ಅವನ ಮುಖವನ್ನೇ ನೋಡಿದಳು. ಅವನು ಪ್ಯಾಂಟಿಗೆ ಅಂಟಿದ ಮಣ್ಣು ಕೊಡವಿಕೊಂಡು ಸ್ನಾನಕ್ಕೆ ಹೋದ. ಸಾಲಿನ ಅರ್ಧ ಇನ್ನೂ ಬಾಕಿಯಿತ್ತು.

ಊಟದ ಮೇಜಿನ ಮೇಲೆ ಮಗಳ ಪುಸ್ತಕ ಹರಡಿಕೊಂಡಿದ್ದವು. ಅವನು ಶೂ ಲೇಸು ಕಟ್ಟುತ್ತಿದ್ದಾಗ ಅವಳು ತಲೆಯೆತ್ತದೆ ಕೇಳಿದಳು.

"ಅಪ್ಪಾ, ಅತ್ತೆಗೆ ಹೇಳಿದ್ರಾ?"

"ನೀನು ಓದ್ಕೋ."

"ನನ್ನಿಂದ ಅಂತ ಮಾತ್ರ ಹೇಳ್ಬೇಡಿ."

"ಮತ್ತೆ ಯಾರಿಂದ ಅಂತ ಹೇಳ್ಲಿ?"

ಮಗಳು ಹಳದಿ ಪೆನ್ನಿನಲ್ಲಿ ಒಂದು ಸಾಲಿನ ಮೇಲೆ ಗೆರೆ ಎಳೆದಳು, ಅದರ ಕೆಳಗಿನ ಸಾಲಿನ ಮೇಲೂ ಎಳೆದಳು. ಇಡೀ ಪುಟ ಹಳದಿಯಾಗಿತ್ತು. ಅವಳೂ ಹೆದರಿದ್ದಾಳೆ ಎಂದು ಅವನಿಗೆ ಹೊಳೆಯಿತು. ಯಾಕೋ ಅದರಿಂದ ಸಮಾಧಾನವೂ ಆಯಿತು.

ಕಾಲೇಜು ಮುಗಿಸಿ ನೋಡಲು ಹೋದ ವಸತಿಗೃಹ ಅವನು ಊಹಿಸಿದ್ದಕ್ಕಿಂತ ಚೆನ್ನಾಗಿತ್ತು. ಕೆಟ್ಟದಾಗಿದ್ದರೆ ಬೇಡವೆಂದು ತಿರುಗಿಬರಬಹುದೆಂಬ ಆಸೆ ಎಲ್ಲೋ ಒಳಗಿತ್ತೇನೋ, ಅದು ಅಲ್ಲಿಗೆ ಮುಗಿಯಿತು. ಉಜ್ಜಿದ ನೆಲ, ಫಿನಾಯಿಲ್ ವಾಸನೆ, ಉದ್ದನೆಯ ಕೋಣೆಯಲ್ಲಿ ಎದುರುಬದುರು ಕಬ್ಬಿಣದ ಮಂಚಗಳು. ಮಂಚಕ್ಕೊಂದು ಸಣ್ಣ ಬೀರು. ಖಾಲಿ ಮಂಚ ಗೋಡೆಯ ಕಡೆಯದು. ಕಿಟಕಿ ಇದ್ದದ್ದು ಎದುರು ಸಾಲಿಗೆ. ಹಾಸಿಗೆಯನ್ನು ಸುರುಳಿ ಸುತ್ತಿ ತಲೆಯ ಕಡೆ ಇಟ್ಟಿದ್ದರು. ತಂತಿಯ ಜಾಲರಿಯ ನಡುವೆ, ಮಲಗಿದ್ದವಳ ಭಾರಕ್ಕೆ ಬಿದ್ದ ತಗ್ಗು ಹಾಗೇ ಉಳಿದಿತ್ತು.

ಮೇಲ್ವಿಚಾರಕಿ ಕೀಲಿಗೊಂಚಲು ಹಿಡಿದ ದಪ್ಪನೆಯ ಹೆಂಗಸು. ದಿನವೂ ಇಂಥವರನ್ನು ನೋಡುವವಳ ಕಣ್ಣು.

"ಅವರಿಗೆ ವಿಷಯ ಗೊತ್ತಿದೆ ತಾನೇ ಸಾರ್? ಕೆಲವರು ಡಾಕ್ಟರ ಹತ್ರ ಅಂತ ಸುಳ್ಳು ಹೇಳಿ ಕರ್ಕೊಂಡ್ ಬಂದು ಬಿಟ್ಟು ಹೋಗ್ತಾರೆ. ಆಮೇಲೆ ಸಮಾಧಾನ ಮಾಡೋದು ನಾವು."

"ಛೇ ಛೇ. ಗೊತ್ತಿದೆ. ಅವರೇ ಒಪ್ಪಿದ್ದಾರೆ."

"ನಿಮಗೆ ಅವರು ಏನಾಗ್ಬೇಕು?"

ಪಕ್ಕದ ಮಂಚದ ಮುದುಕಿ ಹೊದಿಕೆಯಿಂದ ಮುಖ ಹೊರಗೆ ಹಾಕಿ ನೋಡುತ್ತಿದ್ದಳು. ಎದುರಿನವಳೂ. ಕೋಣೆಯಲ್ಲಿದ್ದವರೆಲ್ಲ ಅವನ ಉತ್ತರಕ್ಕೆ ಕಾದ ಹಾಗಿತ್ತು. ಅಕ್ಕ ಎಂಬುದು ಎರಡಕ್ಷರ. ಹುಟ್ಟಿ ಮೊದಲು ಆಡಿದ ಮಾತು ಅದೇ ಎಂದು ಅಮ್ಮ ಹೇಳುತ್ತಿದ್ದಳು.

"ದೂರದ ಸಂಬಂಧ," ಎಂದ.

"ದೂರದವರಿಗೂ ಇಷ್ಟು ಮಾಡ್ತೀರಲ್ಲ, ದೊಡ್ಡ ಮನಸ್ಸು," ಎಂದಳು ಮೇಲ್ವಿಚಾರಕಿ. ಅವಳ ದನಿಯಲ್ಲಿ ಕುಹಕ ಹುಡುಕಿದ; ಸಿಗಲಿಲ್ಲ. ಕಿವಿ ಬಿಸಿಯಾಯಿತು. ಹೇಳಿದ್ದನ್ನು ಅಲ್ಲೇ ತಿದ್ದಬಹುದಿತ್ತು. ಅವನು ಬೀರುವಿನ ಬಾಗಿಲು ತೆಗೆದು ಮುಚ್ಚಿ ನೋಡಿ, ಬಿಗಿಯಾಗಿದೆ, ಸ್ವಲ್ಪ ಎಣ್ಣೆ ಹಾಕಿಸಿ ಎಂದ.

ಬಸ್ಸಿನಲ್ಲಿ ಹಿಂದಿರುಗುವಾಗ ನಾಚಿಕೆ ನಿಧಾನವಾಗಿ ಬೇರೇನೋ ಆಯಿತು. ಕಿಟಕಿಯಾಚೆ ಅಂಗಡಿಗಳು, ಗ್ಯಾರೇಜು, ಶಾಲೆಯ ಗೋಡೆ ಹಿಂದಕ್ಕೆ ಸರಿಯುತ್ತಿದ್ದಂತೆ ಅವನು ಒಂದು ದೃಶ್ಯ ಕಟ್ಟಿಕೊಂಡ. ಅಕ್ಕನ ಪಕ್ಕದಲ್ಲಿ ಕೂರುವುದು. ಆ ಒರಟು ಬೆರಳುಗಳನ್ನು ಕೈಯಲ್ಲಿ ತೆಗೆದುಕೊಳ್ಳುವುದು. ಏನನ್ನೂ ಮುಚ್ಚಿಡದೆ, ನನ್ನಿಂದ ತಪ್ಪಾಗುತ್ತಿದೆ ಅಕ್ಕಾ, ಆದರೆ ಬೇರೆ ದಾರಿ ಕಾಣುತ್ತಿಲ್ಲ ಎಂದು ಹೇಳುವುದು. ಅವಳು ಅಳಬಹುದು, ಬೈಯಬಹುದು. ಬೈಯಲಿ. ಕಣ್ಣು ತುಂಬಿಬಂದವು. ತನಗಿನ್ನೂ ಅಳು ಬರುತ್ತದೆಂದು ತಿಳಿದು ಅವನಿಗೆ ತನ್ನ ಬಗ್ಗೆ ಒಂದಿಷ್ಟು ಗೌರವ ಹುಟ್ಟಿತು. ಎದುರು ಸೀಟಿನವನು ನೋಡುತ್ತಿದ್ದಾನೆಂದು ಕಣ್ಣಿಗೆ ಧೂಳು ಬಿದ್ದವನ ಹಾಗೆ ಉಜ್ಜಿಕೊಂಡ.

ಮುಂಬಾಗಿಲಿನಿಂದ ಹೋದರೆ ಹೆಂಡತಿ ಎದುರಾಗುತ್ತಾಳೆಂದು ಪಕ್ಕದ ಓಣಿಯಿಂದ ಹಿತ್ತಿಲಿಗೇ ಬಂದ. ಬಿಸಿಲು ಗೋಡೆಯ ಮೇಲಿನ ಅಂಚಿನಲ್ಲಿ ಮಾತ್ರ ಉಳಿದಿತ್ತು. ಅಕ್ಕ ಪಾತಿಯ ಕೊನೆಯಲ್ಲಿ, ಗೋಡೆಯ ಹತ್ತಿರ, ಮಣೆಯ ಮೇಲೆ ಕೂತಿದ್ದಳು. ಬೆಳಗ್ಗೆ ಈ ತುದಿಯಲ್ಲಿದ್ದ ಮಣೆ ಅಲ್ಲಿತನಕ ಹೋಗಿತ್ತು.

"ಬಂದ್ಯಾ ಮರೀ? ಹೆಜ್ಜೆ ಗೊತ್ತಾಯ್ತು. ಎಲ್ಲಾ ಮುಗೀತು ನೋಡು. ಒಂದು ಗಿಡಾನೂ ಬಿಟ್ಟಿಲ್ಲ."

ಮಡಿಲ ತುಂಬ ಮೊಗ್ಗು. ಹೆಬ್ಬೆರಳ ಗಾತ್ರದ, ಬಿಗಿಯಾದ ಹಸಿರು ಮೊಗ್ಗುಗಳು. ಕೆಲವುಗಳ ಬಾಯಲ್ಲಿ ಆಗಲೇ ಬಿಳಿಯ ಗೆರೆ ಮೂಡಿತ್ತು. ಅವನು ಮಡಿಲನ್ನು ನೋಡಿದ, ಸಾಲನ್ನು ನೋಡಿದ. ಬಿದಿರ ಕಡ್ಡಿಗಳು ನೆಟ್ಟಗೆ ನಿಂತಿದ್ದವು, ತಂತಿಯ ಬಳೆಗಳು ಇದ್ದಲ್ಲೇ ಇದ್ದವು. ಆ ಬಳೆಗಳ ಮೇಲೆ ಏನೂ ಇರಲಿಲ್ಲ. ಅವನು ಬೆಳಗ್ಗೆ ಕೈಯಾಡಿಸಿದ್ದ ಅರ್ಧ ಸಾಲಿನಲ್ಲಿ ಬರೀ ಎಲೆ. ಉಳಿದರ್ಧದಲ್ಲಿ ಎಲೆಯ ಸಂದಿಗಳಲ್ಲಿ ಕಾಳಿನಂಥ ಮೊಗ್ಗುಗಳು ಮಾತ್ರ ಉಳಿದಿದ್ದವು.

"ಯಾರು ಹೇಳಿದ್ದು ನಿಂಗೆ ಮುಟ್ಟು ಅಂತ?"

"ನೀನೇ ತೋರಿಸಿದ್ಯಲ್ಲೋ. ಕಿತ್ರೆ ಒಳ್ಳೇದು ಅಂದೆ..."

"ಕಣ್ಣು ಕಾಣ್ದಿದ್ರೆ ಸುಮ್ನೆ ಒಂದ್ಕಡೆ ಬಿದ್ದಿರ್ಬೇಕು!" ತನ್ನ ದನಿ ತನಗೇ ಪರಿಚಯವಿಲ್ಲದ್ದೆನ್ನಿಸಿತು. ನಿಲ್ಲಿಸಲಾಗಲಿಲ್ಲ. "ಮೂರು ವರ್ಷ! ಮೂರು ವರ್ಷ ಕಣ್ಣಲ್ಲಿ ಕಣ್ಣಿಟ್ಟು ಬೆಳೆಸಿದ್ದೀನಿ. ಸಾಕು. ಒಂದನೇ ತಾರೀಖಿಂದ ನಿನಗೆ ಬೇರೆ ಕಡೆ ಜಾಗ ಆಗಿದೆ. ಇವತ್ತೇ ನೋಡ್ಕೊಂಡ್ ಬಂದೆ. ಅಲ್ಲಿ ಹೋಗಿ ಏನ್ ಬೇಕಾದ್ರೂ ಕಿತ್ತು ಹಾಕು."

ಅಡುಗೆಮನೆಯ ಬಾಗಿಲಲ್ಲಿ ಹೆಂಡತಿ ನಿಂತಿದ್ದಳು. ಬಾಯಿಗೆ ಅಡ್ಡವಾಗಿ ಕೈ ಹಿಡಿದಿದ್ದಳು. ಅವಳು ಹೇಳಿಸಬೇಕೆಂದಿದ್ದ ಮಾತೇ ಅದು. ಆದರೆ ಅವನನ್ನು ಅವಳು ಆವರೆಗೆ ಅಂಥ ಕಣ್ಣಲ್ಲಿ ನೋಡಿದ್ದು ಅವನಿಗೆ ನೆನಪಿರಲಿಲ್ಲ. ತಿರುಗಿ ಒಳಗೆ ಹೋದಳು. ಒಳಗಿಂದ ಮಗಳು ಏನೋ ಕೇಳಿದ್ದು, ಅವಳು "ಏನಿಲ್ಲ, ಓದು" ಎಂದದ್ದು ಕೇಳಿಸಿತು.

ಅಕ್ಕನ ಬೆರಳುಗಳು ಮಡಿಲಿನಲ್ಲಿ ಒಂದೊಂದೇ ಮೊಗ್ಗನ್ನು ಎತ್ತಿ, ತಿರುಗಿಸಿ, ಕೆಳಗಿಡುತ್ತಿದ್ದವು.

"ದೊಡ್ಡವನ್ನ ಕಿತ್ತುಬಿಟ್ನಾ?" ಎಂದಳು ಕೊನೆಗೆ. "ಚಿಕ್ಕವನ್ನ ಕೀಳ್ಬೇಕಿತ್ತಾ?"

ಅವನು ಬರಿದಾದ ತಂತಿಯ ಬಳೆಯೊಂದನ್ನು ನೆಟ್ಟಗೆ ಮಾಡಿದ.

"ಕೈಗೆ ದೊಡ್ಡದೇ ಮೊದಲು ಸಿಗ್ತಿತ್ತು ಕಣೋ. ಇಷ್ಟು ದೊಡ್ಡದಾಗಿದೆ, ಇನ್ನು ಸಾಕಲ್ಲ, ಚಿಕ್ಕವಕ್ಕೂ ಜಾಗ ಆಗ್ಲಿ ಅಂದ್ಕೊಂಡೆ." ಅವಳು ತಲೆಯಾಡಿಸಿದಳು. "ದಡ್ಡಿ ನಾನು."

"ಅಕ್ಕಾ..."

"ಇರ್ಲಿ ಬಿಡು. ಮಗು ಓದ್ಬೇಕಲ್ಲ. ನಂಗೆ ಆಗ್ಲೇ ಅನ್ಸಿತ್ತು. ವಾರದಿಂದ ಒದ್ದಾಡ್ತಿದ್ದೀಯ, ಅನ್ನ ಸರಿಯಾಗಿ ತಿಂತಿಲ್ಲ. ಹೇಳಿಬಿಟ್ಟೆಯಲ್ಲ, ಒಳ್ಳೇದಾಯ್ತು." ಅವನು ಈಗಲಾದರೂ ಅವಳ ಕೈ ಹಿಡಿಯಬಹುದಿತ್ತು. ಕೈ ಹತ್ತಿರದಲ್ಲೇ ಇತ್ತು. ಅವಳೇ ಮಡಿಲನ್ನು ಗಂಟಿನ ಹಾಗೆ ಒಟ್ಟುಮಾಡಿ ಹಿಡಿದು, ಬಿದಿರ ಕಡ್ಡಿಯ ಮೇಲೆ ಭಾರ ಬಿಡದ ಹಾಗೆ ಎಚ್ಚರವಹಿಸಿ ಎದ್ದಳು.

"ಮರೀ, ಇವನ್ನ ನೀರಲ್ಲಿ ಇಟ್ರೆ ಅರಳ್ತವಾ?"

ತೊಟ್ಟಿಲ್ಲದೆ ಕಿತ್ತ ಮೊಗ್ಗು ನೀರು ಎಳೆಯುವುದಿಲ್ಲ. ನಾಲ್ಕು ದಿನಕ್ಕೆ ಬುಡದಿಂದ ಕಂದಾಗಿ, ಹಾಗೇ ಮುಚ್ಚಿಕೊಂಡಿದ್ದು ಕೊಳೆಯುತ್ತದೆ. ಅವನಿಗದು ಚೆನ್ನಾಗಿ ಗೊತ್ತಿತ್ತು.

"ಅರಳ್ತವೆ," ಎಂದ.

ಅಕ್ಕ ಮೆಟ್ಟಿಲನ್ನು ಪಾದದಿಂದ ತಡವಿ ಹತ್ತಿದಳು. ಒಳಗೆ ನಲ್ಲಿ ತಿರುಗಿಸಿದ ಸದ್ದು, ಲೋಟಕ್ಕೆ ನೀರು ಬೀಳುವ ಸದ್ದು. ಆಮೇಲೆ ಅವಳ ಕೋಣೆಯ ದೀಪ ಹತ್ತಿತು. ಅವಳಿಗೆ ಬೇಕಿಲ್ಲದ ದೀಪವನ್ನು ಮಗಳು ಹಾಕಿರಬೇಕು.

ಅವನು ಅಲ್ಲೇ ನಿಂತಿದ್ದ. ಒಳಗೆ ಹೋಗಬೇಕು ಎಂದುಕೊಂಡ. ಸಾಲಿನ ನಡುವಿನ ತನಕ ಬಂದು ಗಿಡದ ಮುಂದೆ ಕುಕ್ಕರಿಸಿದ. ಗೋಡೆಯ ಮೇಲಿನ ಬಿಸಿಲೂ ಹೋಗಿ, ಎಲೆ ಕಡ್ಡಿ ಎಲ್ಲ ಒಂದೇ ಬೂದಿಯ ಬಣ್ಣವಾಗಿತ್ತು.

ಎಡಗೈ ಒಂದು ಕಡ್ಡಿಯನ್ನು ಗಿಣ್ಣಿನ ಹತ್ತಿರ ಹಿಡಿಯಿತು. ಬಲಗೈಯ ಎರಡು ಬೆರಳು ಎಲೆಯ ಸಂದನ್ನು ಹುಡುಕಿ, ಅಲ್ಲಿದ್ದ ಕಾಳಿನಂಥ ಮೊಗ್ಗನ್ನು ಪಕ್ಕಕ್ಕೆ ಬಾಗಿಸಿದವು. ಚಟ್. ಅದರ ಕೆಳಗಿನದನ್ನು ಬಾಗಿಸಿದವು. ಇವು ಉಳಿದರೆ ತುದಿಯದಲ್ಲದಿದ್ದರೂ ನಾಲ್ಕಾರು ಸಣ್ಣ ಹೂವಾದರೂ ಆಗುತ್ತವೆ ಎಂಬ ಯೋಚನೆ ಬಂತು. ಅದು ಸರಿಯಾದ ಯೋಚನೆ ಎಂದೂ ಅನ್ನಿಸಿತು. ಬೆರಳು ನಿಲ್ಲಲಿಲ್ಲ. ಮುಂದಿನ ಕಡ್ಡಿಗೆ, ಅದರ ಮುಂದಿನದಕ್ಕೆ, ಕುಕ್ಕರಗಾಲಿನಲ್ಲೇ ಸರಿಯುತ್ತ ಸರಿಯುತ್ತ ಅವನು ಗೋಡೆಯ ತನಕ ಹೋದ. ಅಲ್ಲಿ ಕೀಳಲು ಏನೂ ಉಳಿಯಲಿಲ್ಲ. ಆದರೂ ಆ ಕತ್ತಲಲ್ಲಿ ಅವನ ಕೈ ಮೇಲಿಂದ ಕೆಳಗೆ, ಕೆಳಗಿಂದ ಮೇಲೆ, ಬೋಳು ಕಡ್ಡಿಯನ್ನು ತಡವುತ್ತಲೇ ಇತ್ತು.